ಒಣಗಿಸಿದ ಬೀಜ

ಅತ್ತೆ ಕುಂಬಳದ ಬೀಜವೊಂದನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದರು. ಅದು ಕಟಕ್ಕೆಂದು ಮುರಿಯಿತು. “ಒಣಗಿದ್ರೆ ಹೀಗೆ ಒಣಗ್ಬೇಕು ನೋಡೇ! ವಾರವೆಲ್ಲ ಮೋಡ ಇದ್ರೂ ಹೇಗೆ ಒಣಗಿಸಿದ್ದಾಳೆ ನನ್ನ ಸೊಸೆ! ಬಾಯಿ ಬಿಡಲ್ಲ ಅಷ್ಟೇ, ಕೈ ಚುರುಕು,” ಎಂದು ಪಕ್ಕದ ಮನೆಯವಳಿಗೆ ತೋರಿಸಿದರು.

ಮದುವೆಯಾಗಿ ಬಂದ ಮೇಲೆ ಅವರಿಂದ ಸಿಕ್ಕ ಮೊದಲ ಹೊಗಳಿಕೆ ಅದು. ಬಾಗಿಲಲ್ಲಿ ನಿಂತಿದ್ದ ಸೊಸೆ ಹಿಂದೆ ಸರಿದಳು. ಬೂಷ್ಟು ಹಿಡಿದೀತೆಂಬ ಭಯಕ್ಕೆ ಅವಳು ಆ ಬೀಜಗಳನ್ನು ಬಿಸಿ ಬಾಣಲೆಯಲ್ಲಿ ಆಡಿಸಿದ್ದಳು. ಕಾವು ತಗುಲಿದ ಬೀಜ ಮೊಳೆಯುವುದಿಲ್ಲವೆಂದು ಹೊಳೆದದ್ದು ಆಮೇಲೆ.

“ನಮ್ಮನೇಲಿ ಬಿತ್ತೋಕೆ ಒಂದು ಬೀಜಾನೂ ಉಳಿದಿಲ್ಲ ಅಕ್ಕ. ಈ ಸಲ ನಿಮ್ಮದನ್ನೇ ನಂಬಿದ್ದೀನಿ,” ಎಂದು ಪಕ್ಕದ ಮನೆಯವಳು ಬೊಗಸೆ ಒಡ್ಡಿದಳು. ಅತ್ತೆ ಡಬ್ಬಿಯಿಂದ ಮುಷ್ಟಿ ತುಂಬ ತೆಗೆದರು.

“ಕೊಡಬೇಡಿ ಅತ್ತೆ!” ಆ ಮನೆಯಲ್ಲಿ ಸೊಸೆಯ ದನಿ ಅಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ. “ಅವು ಹುಟ್ಟಲ್ಲ. ನಾನು ಹುರಿದುಬಿಟ್ಟಿದ್ದೀನಿ.”