ಮುಗಿಯದ ಮಾತ್ರೆ

"ಇವನಿಗೆ ಬೇಡ, ಮಾತ್ರೆ ತಗೋತಿದ್ದಾನೆ," ಎಂದು ಯರ್ಮಿಲಾ ಗಂಡನ ಗ್ಲಾಸಿನ ಮೇಲೆ ಅಂಗೈ ಮುಚ್ಚಿದಳು. ಪೀಪಾಯಿಯಿಂದ ವೈನು ಎತ್ತಿ ಸಿರಿಲ್ ಓರೆಯಾಗಿ ಹಿಡಿದಿದ್ದ ಉದ್ದನೆಯ ಗಾಜಿನ ಕೊಳವೆಯಿಂದ ವೈನು ಅವಳ ಬೆರಳ ಮೇಲೆಯೇ ಬಿತ್ತು. ಅವಳು ಅದನ್ನು ಸೈಕಲ್ ಚಡ್ಡಿಗೆ ಒರೆಸಿಕೊಂಡಳು.

ಭಾನುವಾರ ಬೆಳಗಿನ ಹನ್ನೊಂದು ಗಂಟೆ. ಊರಿನ ಸೈಕಲ್ ಸಂಘದ ಹನ್ನೆರಡು ಸೈಕಲ್ಲುಗಳು ವೈನಿನ ನೆಲಮಾಳಿಗೆಯ ಹೊರಗೋಡೆಗೆ ಒರಗಿದ್ದವು, ಸವಾರರೆಲ್ಲ ಒಳಗೆ ಪೀಪಾಯಿಗಳ ನಡುವೆ ನಿಂತಿದ್ದರು. ಸಂಘದ ಮುಂದಾಳು ಸಿರಿಲ್, ನೆಲಮಾಳಿಗೆಯೂ ಅವನದೇ. ಸವಾರಿಯ ದಾರಿಯನ್ನು ಅವನು ಎತ್ತ ಕಡೆಯಿಂದ ಗೆರೆ ಎಳೆದರೂ ಅದು ಈ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಕುಡಿದು ಸೈಕಲ್ ತುಳಿದರೆ ದಂಡ, ಒಂದು ತೊಟ್ಟಿಗೂ ಮಾಫಿ ಇಲ್ಲ. ಅದಕ್ಕೂ ಸಂಘ ಉಪಾಯ ಕಂಡುಕೊಂಡಿತ್ತು. ಕುಡಿದ ಮೇಲೆ ದೊಡ್ಡ ರಸ್ತೆ ದಾಟುವ ತನಕ ಎಲ್ಲರೂ ಸೈಕಲ್ ತಳ್ಳಿಕೊಂಡು ನಡೆಯುವುದು. ತಳ್ಳುವವನು ಪಾದಚಾರಿ, ಪಾದಚಾರಿಯ ಬಾಯಿ ಮೂಸಲು ಪೊಲೀಸರಿಗೆ ಹಕ್ಕಿಲ್ಲ ಎಂಬುದು ಸಿರಿಲ್‌ನ ವಾದ. ಹೆಲ್ಮೆಟ್ ಹಾಕಿಕೊಂಡ ಮುದುಕ ಮುದುಕಿಯರ ಮೆರವಣಿಗೆ ಪೊಲೀಸರಿಗೆ ಕೈಬೀಸುತ್ತ ಸಾಗುವಾಗ ಯರ್ಮಿಲಾಳಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು. ಕುಡಿಯುವುದೇನಿದ್ದರೂ ಸವಾರಿ ಮುಗಿದ ಮೇಲೆ ಇಟ್ಟುಕೊಳ್ಳೋಣ ಎಂದು ಚಳಿಗಾಲದ ಸಭೆಯಲ್ಲಿ ಅವಳು ಹೇಳಿದ್ದಳು. ಪರವಾಗಿ ಎದ್ದ ಕೈ ಅವಳದೊಂದೇ. ಪಕ್ಕದಲ್ಲಿ ಕೂತಿದ್ದ ಗಂಡ ಒತಾಕರ್ ಕೂಡ ಎತ್ತಲಿಲ್ಲ. ಎತ್ತಿದರೆ ಯಾಕೆ ಎಂದು ಕೇಳುತ್ತಾರಲ್ಲ ಎಂಬ ಹೆದರಿಕೆ ಅವನಿಗೆ.

ಒತಾಕರ್ ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಬಿಡಿಸಿದ್ದು ಆಸ್ಪತ್ರೆ, ಉಳಿಸಿದ್ದು ಸೈಕಲ್. ಗಣಿ ಊರಿನ ಹಳೆಯ ಗೆಳೆಯರಿಂದ ದೂರವಿರಲಿ ಎಂದು ಯರ್ಮಿಲಾ ಅವನನ್ನು ಮೊರಾವಿಯಾದ ತನ್ನ ತವರೂರಿಗೆ ಕರೆತಂದಿದ್ದಳು. ತವರಿನ ಸುತ್ತ ಇರುವುದೆಲ್ಲ ದ್ರಾಕ್ಷಿತೋಟ ಎಂಬುದು ಆಗ ನೆನಪಾಗಲಿಲ್ಲವೇ ಎಂದು ಈಗ ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ಒಂದು ಗುಟುಕು ಒಳಗೆ ಹೋದರೆ ಮತ್ತೆ ಮೊದಲಿನ ಗತಿಯೇ ಎಂದು ಇಬ್ಬರಿಗೂ ಗೊತ್ತಿತ್ತು. ಸಂಘಕ್ಕೆ ಗೊತ್ತಿದ್ದದ್ದು ಮಾತ್ರೆಗಳ ವಿಷಯ ಮಾತ್ರ.

"ಬಂದಾಗಿನಿಂದ ಮಾತ್ರೆನೇ? ಕುದುರೆಗೂ ಇಷ್ಟು ಔಷಧಿ ಕೊಡಲ್ಲ ಕಣಮ್ಮ," ಎಂದ ಸಿರಿಲ್.

"ಕೊಡೋದು ಬಿಡೋದು ಡಾಕ್ಟರಿಗೆ ಗೊತ್ತು. ನೀನು ನಿನ್ನ ಪೀಪಾಯಿ ನೋಡ್ಕೋ."

"ನಮ್ಮಪ್ಪ ತೊಂಬತ್ತೊಂದು ವರ್ಷ ಬದುಕಿದ. ಮಾತ್ರೆನೂ ವೈನಲ್ಲೇ ನುಂಗ್ತಿದ್ದ."

"ನಿಮ್ಮಪ್ಪನಿಗೆ ಸೈಕಲ್ ಬರ್ತಿರಲಿಲ್ಲ."

"ಬರ್ತಿತ್ತು. ಇಳಿಯೋಕೆ ಬರ್ತಿರಲಿಲ್ಲ."

ಎಲ್ಲರೂ ನಕ್ಕರು. ಅದೇ ನಗುವಿನಲ್ಲಿ ಮಾತು ತೇಲಿಹೋಗಲಿ ಎಂದುಕೊಂಡು ಒತಾಕರ್ ತನ್ನ ನೀರಿನ ಬಾಟಲಿ ಎತ್ತಿ ಹಿಡಿದ. ಗ್ಲಾಸು ತಾಗಿಸಲು ಮುಂದೆ ಬಂದಿದ್ದ ಕೈಗಳೆಲ್ಲ ಹಿಂದೆ ಸರಿದವು. ನೀರಿಗೆ ಗ್ಲಾಸು ತಾಗಿಸುವುದು ಅಪಶಕುನ. ಅಲ್ಲದೆ ಒಬ್ಬೊಬ್ಬರ ಕಣ್ಣಲ್ಲೂ ಕಣ್ಣಿಟ್ಟು ತಾಗಿಸಿ ಮುಗಿಯುವವರೆಗೆ ಇಲ್ಲಿ ಯಾರೂ ತುಟಿಗೆ ಇಡುವಂತಿಲ್ಲ.

"ನೀರಿರೋದು ಕಾಲು ತೊಳೆಯೋಕೆ," ಎಂದ ಸಿರಿಲ್. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಇಷ್ಟು ಜನ ನಿನಗೋಸ್ಕರ ಕಾಯ್ತಿದ್ದೀವಿ, ಒತಾಕರ್. ನನ್ನ ವೈನ್ ಅಷ್ಟು ಕೆಟ್ಟದ್ದಾ? ಹೌದಾದ್ರೆ ಬಾಯಿಬಿಟ್ಟು ಹೇಳು."

ಯರ್ಮಿಲಾಳ ತಾಳ್ಮೆಯ ಕಟ್ಟೆ ಒಡೆಯಿತು. "ಬೇಡ ಅಂದ್ರೆ ಬೇಡ ಅನ್ನೋದು ನಿಮ್ಮ ತಲೆಗೆ ಹೋಗೋದೇ ಇಲ್ವಾ? ಹಲ್ಲು ಅಂದೆ, ಹೊಟ್ಟೆ ಅಂದೆ, ಬಿಪಿ ಅಂದೆ. ಇನ್ನು ಇವನಿಗೆ ಗರ್ಭಕೋಶ ಇಲ್ಲ, ಇದ್ದಿದ್ರೆ ಅದನ್ನೂ ಹೇಳ್ತಿದ್ದೆ. ಎಷ್ಟು ಸುಳ್ಳು ಅಂತ ಹೇಳಲಿ ನಾನು?"

ಸುಳ್ಳು ಎಂಬ ಮಾತು ಬಾಯಿಂದ ಜಾರಿಹೋಗಿತ್ತು. ಎಲ್ಲರೂ ಒತಾಕರ್‌ನ ಮುಖ ನೋಡಿದರು. ಅವನು ಹೆಲ್ಮೆಟ್ ತೆಗೆದು ಎದೆಗೆ ಅವಚಿಕೊಂಡ.

"ಸಾಕು ಬಿಡು, ಯರ್ಮಿಲಾ. ಮಾತ್ರೆ ಗೀತ್ರೆ ಏನೂ ಇಲ್ಲ. ನಾನು ಕುಡುಕ. ಇಲ್ಲಿಗೆ ಬರೋ ಮುಂಚೆ ಆರು ವಾರ ಆಸ್ಪತ್ರೇಲಿದ್ದೆ. ಒಂದು ಗ್ಲಾಸ್ ಕುಡಿದ್ರೆ ಆಮೇಲೆ ನಿಲ್ಲಿಸೋಕೆ ನನ್ನ ಕೈಲಾಗಲ್ಲ. ಸತ್ತೇ ಹೋಗ್ತೀನಿ ಅಂದಿದ್ದಾರೆ."

ಹಂದಿಕೊಬ್ಬು ಸವರಿದ ಬ್ರೆಡ್ಡು ತಿನ್ನುತ್ತಿದ್ದವರೊಬ್ಬರು ಅಗಿಯುವುದನ್ನೇ ನಿಲ್ಲಿಸಿದರು. ಯರ್ಮಿಲಾಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಹನ್ನೊಂದು ತಿಂಗಳ ಹೊರೆ ಇಳಿದಂತೆ ಸಮಾಧಾನವಾಯಿತು. ಇನ್ನು ಮೇಲೆ ಸುಳ್ಳು ಹುಡುಕುವ ಕೆಲಸವಿಲ್ಲ. ಸಿರಿಲ್‌ನ ಕಣ್ಣು ಒದ್ದೆಯಾಗಿತ್ತು. ಅವನು ಹತ್ತಿರ ಬಂದು ಒತಾಕರ್‌ನ ಹೆಗಲ ಮೇಲೆ ಕೈಯಿಟ್ಟ.

"ಮೊದಲೇ ಹೇಳಬಾರದಾಗಿತ್ತಾ ಮಾರಾಯ? ನಾವೇನು ಹೊರಗಿನವರಾ?" ಎಂದು ಅವನು ಕೊಳವೆಯನ್ನು ಮತ್ತೆ ಪೀಪಾಯಿಗೆ ಇಳಿಸಿದ. "ಹಾಗಾದ್ರೆ ನಿನಗೆ ಅರ್ಧ ಗ್ಲಾಸ್ ಸಾಕು."