ಆಸ್ಟ್ರೇಲಿಯಾಕ್ಕೆ ಹೊರಟ ಪಟ್ಟಲಮ್ಮ

ಕಂಟೇನರಿನ ಬಾಗಿಲಿಗೆ ಸೀಲು ಬಿದ್ದ ಮೇಲೆ ಮೇಸ್ತ್ರಿ ಮರಿಸಿದ್ದಯ್ಯ ಕೈಯ ಧೂಳು ಕೊಡವಿಕೊಂಡು, "ಇನ್ನು ಎದರ್ಬೇಡಿ ಮೇಡಮ್ಮೋರೆ, ಅಮ್ಮ ಜೊತೇಲೇ ಓಯ್ತಾವ್ಳೆ" ಎಂದ.

ಯಾವ ಅಮ್ಮ ಎಂದು ಮಂಜುಶ್ರೀ ಕೇಳಿದಳು. ನಿಡಘಟ್ಟದ ಬಳಿಯ ಆ ಕಾರ್ಖಾನೆಯ ಪಂಪಿನ ಬಿಡಿಭಾಗಗಳನ್ನು ಹೊರದೇಶಗಳಿಗೆ ತಲುಪಿಸುವ ಹೊಣೆ ಅವಳದು. ತಮ್ಮೂರ ಪಟ್ಟಲಮ್ಮ ಎಂದು ಮರಿಸಿದ್ದಯ್ಯ ಹೆಮ್ಮೆಯಿಂದ ಹೇಳಿದ. ಊಟದ ಬಿಡುವಿನಲ್ಲಿ, ಪೆಟ್ಟಿಗೆಗೆ ಟೇಪು ಹಚ್ಚುವ ಮುಂಚೆ, ಗುಡಿಯ ಬೇವಿನೆಲೆ ಒಳಗಿಟ್ಟಿದ್ದನಂತೆ.

ಸರಕು ಹೊರಟಿದ್ದು ಆಸ್ಟ್ರೇಲಿಯಾಕ್ಕೆ. ಅಲ್ಲಿನ ಬಂದರಿನವರಿಗೆ ಪ್ರಸಾದವೂ ಕಸವೂ ಒಂದೇ. ಹುಳು, ರೋಗ ಬರುತ್ತದೆಂದು, ಎಲೆ ಕಂಡರೆ ಇಡೀ ಕಂಟೇನರ್ ವಾಪಸ್ಸು. ಹೋದ ಸಲ ಒಣಹುಲ್ಲಿನ ಎಳೆ ಸಿಕ್ಕಿ ಹಾಗೇ ಆಗಿತ್ತು. ಇನ್ನೊಂದು ವಾಪಸ್ಸು ಬಂದರೆ ನೀವೂ ಮನೆಗೆ ಹೋಗಬಹುದು ಎಂದು ಮ್ಯಾನೇಜರ್ ಶಶಿಧರ್ ಎಲ್ಲರೆದುರೇ ಅವಳಿಗೆ ಹೇಳಿದ್ದರು.

"ನಿಮ್ಗೆ ಅಂಗ್ ಬೈದ್ರಲ್ಲ, ಅದ್ಕೇ ಕಣವ್ವ," ಎಂದ ಮರಿಸಿದ್ದಯ್ಯ. ಆ ಎಲೆಗಾಗಿಯೇ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಮಳವಳ್ಳಿ ಕಡೆಯ ತನ್ನೂರಿಗೆ ಹೋಗಿ ಬಂದಿದ್ದ. ರೇಗಬೇಕೆಂದಿದ್ದ ಮಂಜುಶ್ರೀ ಗಡಿಯಾರ ನೋಡಿದಳು.

ಗಂಟೆ ನಾಲ್ಕು. ಆರೂವರೆಯೊಳಗೆ ಲಾರಿ ಹೊರಡದಿದ್ದರೆ ಚೆನ್ನೈಯಲ್ಲಿ ಹಡಗು ತಪ್ಪುತ್ತದೆ. ಸೀಲು ಕತ್ತರಿಸಲು ಹೇಳಿ, ಯಾವ ಪೆಟ್ಟಿಗೆಯಲ್ಲಿಟ್ಟಿರಿ ಎಂದು ಕೇಳಿದಳು.

"ಎಲ್ಲಾದ್ರಲ್ಲೂ ಇಟ್ಟಿವ್ನಿ. ಒಂದ್ಕಿಟ್ಟು ಇನ್ನೊಂದ್ಕೆ ಬುಟ್ರೆ ಅಮ್ಮ ಏನಂದ್ಕತಾಳೆ?"

ನಾನೂರ ಹನ್ನೆರಡು ಪೆಟ್ಟಿಗೆ. ಪಾಳಿ ಮುಗಿದು ಬೆಸಗರಹಳ್ಳಿ ಬಸ್ಸು ಹತ್ತಿ ಕೂತಿದ್ದ ಪ್ಯಾಕಿಂಗಿನ ಹೆಂಗಸರನ್ನು ಅವರ ಮುಂದಾಳು ಶಿವನಂಜಮ್ಮ ಇಳಿಸಿಕೊಂಡು ಬಂದಳು. ಟೇಪು ಕೀಳುವುದು, ಎಲೆ ತೆಗೆಯುವುದು, ಮತ್ತೆ ಟೇಪು ಹಚ್ಚುವುದು. ಮುದುಕ ಮರಿಸಿದ್ದಯ್ಯನನ್ನು ಒಬ್ಬರೂ ಬೈಯಲಿಲ್ಲ. ಬೈಗುಳವನ್ನೆಲ್ಲ ಪಟ್ಟಲಮ್ಮನ ತಲೆಗೇ ಕಟ್ಟಿದರು.

"ಇವ್ಳಿಗ್ಯಾಕ್ ಬೇಕಿತ್ತು ಈ ವಯಸ್ನಲ್ಲಿ ಫಾರಿನ್ನು?" ಎಂದಳು ಶಿವನಂಜಮ್ಮ, ಪೆಟ್ಟಿಗೆಯೊಳಗೆ ಕೈಯಾಡಿಸುತ್ತ. ಮರಿಸಿದ್ದಯ್ಯನಿಗೂ ನಗು ಬಂತು.

ಆರು ಇಪ್ಪತ್ತಕ್ಕೆ ಹೊಸ ಸೀಲು ಬಿತ್ತು. ಆ ಸೀಲಿನ ನಂಬರು ಹಾಕಿದ ಹೊಸ ಕಾಗದಪತ್ರ ಹಿಡಿದು ಲಾರಿ ಗೇಟು ದಾಟಿತು. ಎಲೆಯ ಚೀಲ ಹೆಗಲಿಗೇರಿಸಿಕೊಂಡ ಮರಿಸಿದ್ದಯ್ಯ ಮಂಜುಶ್ರೀಯ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಅಮ್ಮನ್ನ ಇಳಿಸ್ಬುಟ್ರಿ. ಇನ್ ಸಮುದ್ರದ ಮ್ಯಾಲೆ ನೀವೇ ನೋಡ್ಕಬೇಕು."

ಹಡಗು ಆಸ್ಟ್ರೇಲಿಯಾದ ದಡ ಮುಟ್ಟುವವರೆಗೂ ಮಂಜುಶ್ರೀ ಬೆಳಿಗ್ಗೆ ಎದ್ದೊಡನೆ ದೇವರ ಪಟದ ಕಡೆ ತಿರುಗಲಿಲ್ಲ. ಹಾಸಿಗೆಯಲ್ಲೇ ಮೊಬೈಲು ತೆರೆದು, ನಕ್ಷೆಯ ನೀಲಿ ನೀರಿನ ನಡುವೆ ಚುಕ್ಕಿಯಾಗಿ ಕಾಣುವ ಹಡಗನ್ನು ಹುಡುಕಿ, ಆ ಮೊಬೈಲನ್ನೇ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.