ಕೆಳಗಿನ ಡ್ರಾಯರು

ತಂಗಿಯ ಮನೆಯ ಕಪಾಟಿನ ಡ್ರಾಯರನ್ನು ಅಕ್ಕ ಬೇಕೆಂದೇ ಜೋರಾಗಿ ಎಳೆದಳು. ಎಲ್ಲಾದರೂ ಸಿಕ್ಕಿಕೊಳ್ಳಲಿ, ಒಂದು ಸಲವಾದರೂ ಕಿರ್ರೆನ್ನಲಿ ಎಂಬ ಆಸೆ. ಅದು ಬೆಣ್ಣೆಯಂತೆ ಜಾರಿ ಬಂತು. ಅವಳ ಹೊಟ್ಟೆ ಉರಿದುಹೋಯಿತು. ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಬಗೆಯ ಅಗ್ಗದ ರೆಡಿಮೇಡ್ ಕಪಾಟು ಕೊಂಡವರು. ತನ್ನದು ತಂದ ಹಾಗೆಯೇ ಗೋಡೆಗೊರಗಿ ನಿಂತಿದೆ. ತಂಗಿ ಮಾತ್ರ ಇದನ್ನು ಅಡ್ಡಡ್ಡ ಕೊಯ್ದು, ಎರಡು ತುಂಡನ್ನೂ ಅಕ್ಕಪಕ್ಕ ಜೋಡಿಸಿ, ಹಸಿರು ಬಣ್ಣ ಬಳಿದು ಕಿಟಕಿಯ ಕೆಳಗೆ ಕೂರಿಸಿದ್ದಾಳೆ.

“ಬಣ್ಣವೇನೋ ಚೆನ್ನಾಗಿದೆ ಕಣೇ. ಇಷ್ಟೆಲ್ಲ ಮಾಡಿದವಳಿಗೆ ನೆಟ್ಟಗಿರೋ ಹಿಡಿ ಸಿಗ್ಲಿಲ್ವಾ? ಬಟ್ಟೆ ಕಟ್ಟಿದೀಯ!”

“ಅಮ್ಮಂಗೆ ಬೆರಳು ಮಡಚೋಕಾಗಲ್ವಲ್ಲಕ್ಕ. ಇದಾದ್ರೆ ಕೈ ತೂರಿಸಿ ಎಳೀತಾಳೆ.”

ಚಳಿಗಾಲವಿಡೀ ಅಮ್ಮ ಇದ್ದದ್ದು ಅಕ್ಕನ ಮನೆಯಲ್ಲೇ. ಅವಳಿಗೆಂದು ಕಪಾಟಿನ ಮೇಲಿನ ಖಾನೆಯನ್ನೇ ಖಾಲಿ ಮಾಡಿಕೊಟ್ಟಿದ್ದಳು. ಆದರೂ ಅಮ್ಮನ ಬಟ್ಟೆಗಳು ಕೊನೆಯವರೆಗೂ ಮಂಚದ ಕೆಳಗಿನ ಬ್ಯಾಗಿನಲ್ಲೇ ಇದ್ದವು. ‘ನಾಲ್ಕು ದಿನ ಇರೋಳಿಗೆ ಕಪಾಟು ಯಾಕೆ ಬಿಡೇ’ ಎನ್ನುತ್ತಿದ್ದಳು.

ಅಷ್ಟರಲ್ಲಿ ಅಮ್ಮನೇ ಒಣಗಿದ ಬಟ್ಟೆ ಹೊತ್ತು ಒಳಗೆ ಬಂದಳು. “ಯಾವಾಗ ಬಂದ್ಯೇ?” ಎನ್ನುತ್ತ ಸ್ಟೂಲಿನ ಮೇಲೆ ಕೂತು, ಬಟ್ಟೆಯ ಹಿಡಿಯೊಳಗೆ ಮಣಿಕಟ್ಟು ತೂರಿಸಿ ಕೆಳಗಿನ ಡ್ರಾಯರು ಎಳೆದಳು. ಸ್ವೆಟರ್ ಇಟ್ಟಳು, ಕಾಲಿನಿಂದ ತಳ್ಳಿ ಮುಚ್ಚಿದಳು. ಯಾರನ್ನೂ ಕರೆಯಲಿಲ್ಲ.

“ನಿನ್ನ ಬ್ಯಾಗೆಲ್ಲಮ್ಮ?” ಅಕ್ಕನ ದನಿ ಒರಟಾಗಿತ್ತು.

ಅಮ್ಮ ಒಂದು ಗಳಿಗೆ ಯೋಚಿಸಿ, ತಂಗಿಯ ಕಡೆ ತಿರುಗಿದಳು.

“ಎಲ್ಲಿಟ್ವೇ ಅದನ್ನ?”